ಯಲಹಂಕ ಉಪನಗರದ ಹಳೆಯ ಮನೆ: ಕ್ರಯದ ಇತಿಹಾಸ ಮತ್ತು ನೆರೆಹೊರೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ ಉಪನಗರದಲ್ಲಿ ಕರ್ನಾಟಕ ಗೃಹ ಮಂಡಳಿ ಹಂಚಿದ ಮನೆಗಳು ಈಗ ಎರಡನೆಯ, ಮೂರನೆಯ ಮಾಲೀಕರ ಕೈಗೆ ದಾಟುತ್ತಿವೆ. ಅಂಥ ಮನೆಯೊಂದನ್ನು ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ಕೇಳುವ, ಕೇಳಲೇಬೇಕಾದ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ವಕೀಲರ ಪರಿಶೀಲನೆಗೆ ಬದಲಿಯಲ್ಲ. ವಕೀಲರ ಮುಂದೆ ಕುಳಿತಾಗ ಏನು ಕೇಳಬೇಕೆಂದು ತಿಳಿದಿರಲಿ ಎಂಬುದೇ ಉದ್ದೇಶ.

ಮನೆಯ ಕ್ರಯದ ಇತಿಹಾಸ ಯಾವ ಕಾಗದದಲ್ಲಿ ಸಿಗುತ್ತದೆ?

ಒಂದೇ ಕಾಗದದಲ್ಲಿ ಸಿಗುವುದಿಲ್ಲ. ಮೊದಲ ಹಂಚಿಕೆಯಿಂದ ಇಂದಿನ ಮಾಲೀಕರವರೆಗೆ ಹಕ್ಕು ಯಾರಿಂದ ಯಾರಿಗೆ, ಯಾವ ಪತ್ರದ ಮೂಲಕ ದಾಟಿತು ಎಂಬುದನ್ನು ಒಂದೊಂದಾಗಿ ಜೋಡಿಸಿಕೊಳ್ಳಬೇಕು. ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರ, ಅಡಮಾನ ಪತ್ರ, ತಿದ್ದುಪಡಿ ಪತ್ರ, ಎಲ್ಲವೂ ಈ ಸರಣಿಯಲ್ಲಿ ಬರುತ್ತವೆ. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಎನ್ನುವ ಕಾಗದ, ಈ ಪತ್ರಗಳ ಪಟ್ಟಿಯನ್ನು ಮಾತ್ರ ಕೊಡುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಂದು ಪತ್ರದ ದೃಢೀಕೃತ ನಕಲನ್ನು ತರಿಸಿ ಪೂರ್ತಿ ಓದದ ಹೊರತು ಇತಿಹಾಸ ತಿಳಿಯಿತು ಎನ್ನುವಂತಿಲ್ಲ.

ಗೃಹ ಮಂಡಳಿಯ ಮನೆಗೆ ಮೂಲ ಪತ್ರ ಯಾವುದು?

ಕರ್ನಾಟಕ ಗೃಹ ಮಂಡಳಿ 1962ರ ಕಾಯಿದೆಯಡಿ ಕೆಲಸ ಮಾಡುವ ಸಂಸ್ಥೆ. ಭೂಮಿಯನ್ನು ಪಡೆದು, ಬಡಾವಣೆ ಮಾಡಿ, ವರಮಾನಕ್ಕೆ ತಕ್ಕಂತೆ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ), ಎಲ್‌ಐಜಿ (ಕಡಿಮೆ ವರಮಾನ), ಎಂಐಜಿ (ಮಧ್ಯಮ ವರಮಾನ), ಎಚ್‌ಐಜಿ (ಹೆಚ್ಚಿನ ವರಮಾನ) ಎಂದು ವಿಂಗಡಿಸಿ ಮನೆಗಳನ್ನು ಹಂಚುವುದು ಅದರ ಪದ್ಧತಿ. ಉಪನಗರದ ಹಳಬರು ಇಂದಿಗೂ ವಿಳಾಸ ಹೇಳುವಾಗ ಎಂಐಜಿ ಎಂದು ಸೇರಿಸಿಯೇ ಮನೆಯ ಸಂಖ್ಯೆ ಹೇಳುತ್ತಾರೆ. ಹಂಚಿಕೆಯಾದವರ ಕೈಗೆ ಮೊದಲು ಹಂಚಿಕೆ ಪತ್ರ, ಬಳಿಕ ಗುತ್ತಿಗೆ ಮತ್ತು ಮಾರಾಟ ಎರಡೂ ಸೇರಿದ ಕರಾರು ಪತ್ರ, ಅದರೊಂದಿಗೆ ಸ್ವಾಧೀನ ಪತ್ರ ಬರುತ್ತಿದ್ದವು. ಕಂತುಗಳನ್ನು ಕಟ್ಟಿ ಮುಗಿಸಿ, ಷರತ್ತುಗಳ ಅವಧಿ ಪೂರೈಸಿದ ಮೇಲೆ ಮಂಡಳಿ ಶುದ್ಧ ಕ್ರಯಪತ್ರ ಮಾಡಿಕೊಡುತ್ತದೆ. ಮಾಲೀಕತ್ವ ಪೂರ್ಣವಾಗುವುದು ಆ ಕ್ರಯಪತ್ರ ನೋಂದಣಿಯಾದಾಗ. ಆದ್ದರಿಂದ ಈ ನಾಲ್ಕೂ ಕಾಗದಗಳನ್ನು ಒಟ್ಟಿಗೆ ಕೇಳಿ, ಅವುಗಳಲ್ಲಿರುವ ಹೆಸರು, ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು. ಮಂಡಳಿಯ ಕಚೇರಿಯಲ್ಲಿ ಆ ಮನೆಯ ಕಡತವೇ ಇರುವುದರಿಂದ ಅಲ್ಲಿ ವಿಚಾರಿಸುವುದೂ ಒಳ್ಳೆಯದು.

ಶುದ್ಧ ಕ್ರಯಪತ್ರ ಆಗುವ ಮೊದಲೇ ಮನೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಮಾರಾಟವಾಗಿದ್ದರೆ?

ಸರ್ಕಾರಿ ಬಡಾವಣೆಗಳ ಹಳೆಯ ಮನೆಗಳಲ್ಲಿ ಹೆಚ್ಚು ತೊಡಕು ಹುಟ್ಟುವುದು ಹಂಚಿಕೆಗೂ ಶುದ್ಧ ಕ್ರಯಪತ್ರಕ್ಕೂ ನಡುವಿನ ಈ ವರ್ಷಗಳಲ್ಲೇ. ಪರಭಾರೆ ಮಾಡಬಾರದೆಂಬ ಷರತ್ತು ಇರುವಾಗಲೇ ಹಣದ ಅಗತ್ಯ ಬಿದ್ದವರು ಕರಾರು ಪತ್ರ, ಸಾಮಾನ್ಯ ಅಧಿಕಾರ ಪತ್ರ ಮತ್ತು ವಿಲ್ ಮೂರನ್ನೂ ಬರೆದುಕೊಟ್ಟು ಮನೆ ಬಿಟ್ಟುಕೊಡುವುದು ಒಂದು ಕಾಲದಲ್ಲಿ ರೂಢಿಯಾಗಿತ್ತು. ಇಂಥ ಕಾಗದಗಳಿಂದ ಸ್ಥಿರಾಸ್ತಿಯ ಹಕ್ಕು ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯ ಅಧಿಕಾರ ಪತ್ರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ.

ಹಾಗೆ ಮಾರಿದ ಮನೆಗೆ ಮಂಡಳಿ ಮುಂದೆ ಮೂಲ ಹಂಚಿಕೆದಾರರ ಹೆಸರಿಗೇ ಶುದ್ಧ ಕ್ರಯಪತ್ರ ಮಾಡಿಕೊಟ್ಟಿದ್ದು, ಅವರು ಆ ಬಳಿಕ ಕೊಂಡವರಿಗೆ ನೋಂದಾಯಿತ ಕ್ರಯಪತ್ರ ಬರೆದುಕೊಟ್ಟಿದ್ದರೆ ಸರಣಿ ಸರಿಹೋಗಿದೆ ಎಂದರ್ಥ. ಅಧಿಕಾರ ಪತ್ರ ಹಿಡಿದವರೇ ತಮ್ಮ ಹೆಸರಿಗೋ ಮನೆಯವರ ಹೆಸರಿಗೋ ಕ್ರಯಪತ್ರ ಮಾಡಿಕೊಂಡಿದ್ದರೆ, ಆ ದಿನ ಮೂಲ ಹಂಚಿಕೆದಾರರು ಬದುಕಿದ್ದರೇ, ಅಧಿಕಾರ ಪತ್ರ ರದ್ದಾಗಿರಲಿಲ್ಲವೇ ಎಂಬುದನ್ನು ದಾಖಲೆಯ ಮೂಲಕವೇ ತಿಳಿಯಬೇಕು. ಎಷ್ಟು ವರ್ಷದಿಂದ ಆ ಮನೆಯಲ್ಲಿ ವಾಸವಾಗಿದ್ದೇವೆ ಎಂಬ ಮಾತು ಇದಕ್ಕೆ ಉತ್ತರವಾಗುವುದಿಲ್ಲ.

ಇಸಿ ಎಷ್ಟು ವರ್ಷದ್ದು ಬೇಕು?

ಬ್ಯಾಂಕುಗಳು ಸಾಮಾನ್ಯವಾಗಿ 30 ವರ್ಷದ ಇಸಿ ಕೇಳುತ್ತವೆ. ಗೃಹ ಮಂಡಳಿಯ ಮನೆಯಾದರೆ ಹಂಚಿಕೆಯ ದಿನದಿಂದಲೇ ತೆಗೆಸುವುದು ಉಚಿತ, ಏಕೆಂದರೆ ಇಲ್ಲಿ ಆರಂಭದ ದಿನಾಂಕ ಸ್ಪಷ್ಟವಾಗಿ ಗೊತ್ತಿರುತ್ತದೆ. 2004ರ ಏಪ್ರಿಲ್‌ನಿಂದೀಚಿನ ವಿವರಗಳು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಗಣಕೀಕೃತವಾಗಿ ದೊರೆಯುತ್ತವೆ. ಅದಕ್ಕೂ ಹಿಂದಿನ ವರ್ಷಗಳಿಗೆ ಕಚೇರಿಯ ಹಳೆಯ ಸೂಚಿ ಪುಸ್ತಕಗಳನ್ನು ಹುಡುಕಬೇಕಾಗುತ್ತದೆ. ಜಾಲತಾಣದಲ್ಲಿ ಸುಲಭವಾಗಿ ಸಿಗುವ ಭಾಗವನ್ನು ಮಾತ್ರ ನೋಡಿ ತೃಪ್ತರಾಗುವವರು ಹೆಚ್ಚು. 1980, 1990ರ ದಶಕದ ಮನೆಗೆ ಅದು ಪೂರ್ತಿ ಇತಿಹಾಸವಲ್ಲ. ವ್ಯವಹಾರಗಳಿದ್ದರೆ ಇಸಿ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಮಂಡಳಿಯ ಕಾಗದದಲ್ಲಿ ಒಂದು ಮನೆ ಸಂಖ್ಯೆ, ನಗರಸಭೆಯ ಖಾತೆಯಲ್ಲಿ ಇನ್ನೊಂದು, ಪಾಲಿಕೆಯ ಪಿಐಡಿ, ಅಂದರೆ ಆಸ್ತಿ ಗುರುತಿನ ಸಂಖ್ಯೆ ಮತ್ತೊಂದು ಹೀಗೆ ಒಂದೇ ಮನೆಗೆ ಕಾಲಕಾಲಕ್ಕೆ ಬೇರೆ ಬೇರೆ ಗುರುತು ಬಂದಿರುತ್ತದೆ. ಇಸಿ ಹುಡುಕಾಟ ನಾವು ಬರೆದುಕೊಟ್ಟ ವಿವರವನ್ನೇ ಆಧರಿಸಿ ನಡೆಯುವುದರಿಂದ ಹೊಸ ಸಂಖ್ಯೆಯಲ್ಲಿ ಮಾತ್ರ ಅರ್ಜಿ ಹಾಕಿದರೆ ಹಳೆಯ ಸಂಖ್ಯೆಯಲ್ಲಿ ನೋಂದಣಿಯಾದ ಅಡಮಾನ ಕಾಣದೇ ಹೋಗಬಹುದು. ಎಲ್ಲ ಸಂಖ್ಯೆಗಳನ್ನೂ, ಹಿಂದಿನ ಎಲ್ಲ ಮಾಲೀಕರ ಹೆಸರುಗಳನ್ನೂ ಕೊಟ್ಟು ಹುಡುಕಿಸಬೇಕು.

ಇಸಿ ಸ್ವಚ್ಛವಾಗಿದ್ದರೆ ಸಾಕಲ್ಲವೇ?

ಸಾಲದು. ಇಸಿ ತಯಾರಾಗುವುದು ಸ್ಥಿರಾಸ್ತಿಗೆ ಸಂಬಂಧಿಸಿದ 1ನೇ ಪುಸ್ತಕದ ಸೂಚಿಯಿಂದ. ವಿಲ್‌ಗಳು 3ನೇ ಪುಸ್ತಕದಲ್ಲೂ ಅಧಿಕಾರ ಪತ್ರಗಳು ಸಾಮಾನ್ಯವಾಗಿ 4ನೇ ಪುಸ್ತಕದಲ್ಲೂ ದಾಖಲಾಗುವುದರಿಂದ ಅವು ಇಸಿಯಲ್ಲಿ ಕಾಣುವುದಿಲ್ಲ. ನೋಂದಣಿಯಾಗದ ಮಾರಾಟ ಕರಾರು, ನ್ಯಾಯಾಲಯದಲ್ಲಿರುವ ವಿಭಾಗದ ದಾವೆ ಕೂಡ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ದಾವೆಗಳಿಗಾಗಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾಲೀಕರ ಮತ್ತು ಅವರ ಕುಟುಂಬದವರ ಹೆಸರಿನಲ್ಲಿ ಹುಡುಕಬೇಕು. ದಾವೆ ನಡೆಯುತ್ತಿರುವಾಗ ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರಾಗಬೇಕಾಗುತ್ತದೆ.

ಬೆಂಗಳೂರಿನಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಲೀಸ್, ಅಂದರೆ ಭೋಗ್ಯ. ಲಕ್ಷಗಟ್ಟಲೆ ಇಡುಗಂಟು ಪಡೆದು ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವ ಈ ಪದ್ಧತಿಯಲ್ಲಿ ಪತ್ರ ನೋಂದಣಿಯಾಗದೆ ಉಳಿಯುವುದೇ ಹೆಚ್ಚು. ಮಹಡಿಯಲ್ಲಿರುವವರು ಬಾಡಿಗೆಗಿದ್ದಾರೋ ಲೀಸ್‌ಗಿದ್ದಾರೋ, ಅವರ ಹಣ ಹಿಂದಿರುಗಿಸುವವರು ಯಾರು ಎಂದು ಅವರನ್ನೇ ನೇರವಾಗಿ ಕೇಳಿ, ಕರಾರಿನಲ್ಲಿ ಬರೆಸಬೇಕು.

ಮೊದಲ ಹಂಚಿಕೆದಾರರು ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾರೆ. ಏನು ನೋಡಬೇಕು?

ಉಪನಗರದ ಮೊದಲ ತಲೆಮಾರು ವಯಸ್ಸಾಗಿ ಮರೆಯಾಗುತ್ತಿರುವುದರಿಂದ ಈ ಪ್ರಶ್ನೆ ಈಗ ಹೆಚ್ಚಾಗಿ ಬರುತ್ತಿದೆ. ಇದರಲ್ಲಿ ಅವಸರ ಮಾಡಬಾರದು.

ಮಂಡಳಿಯಿಂದ ದುಡಿಮೆಯ ಹಣದಲ್ಲಿ ಪಡೆದ ಮನೆ ಸ್ವಯಾರ್ಜಿತ ಆಸ್ತಿ. ಹಿಂದೂ ಪುರುಷರೊಬ್ಬರು ವಿಲ್ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವರ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಮತ್ತು ಅವರ ತಾಯಿ ಎಲ್ಲರಿಗೂ ಸಮಪಾಲು ಬರುತ್ತದೆ. ತಂದೆಗಿಂತ ಮೊದಲೇ ತೀರಿಕೊಂಡ ಮಗ ಅಥವಾ ಮಗಳ ಮಕ್ಕಳಿಗೂ ಆ ಪಾಲು ಸೇರುತ್ತದೆ. ಮದುವೆಯಾಗಿ ಹೋದ ಹೆಣ್ಣು ಮಕ್ಕಳಿಗೆ 2005ರ ತಿದ್ದುಪಡಿಯ ಮೇಲಷ್ಟೇ ಹಕ್ಕು ಬಂತು ಎಂಬ ಮಾತನ್ನು ದಲ್ಲಾಳಿಗಳಿಂದ ಕೇಳುತ್ತೇವೆ. ಆ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಗೆ ಸಂಬಂಧಿಸಿದ್ದು. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳು 1956ರಿಂದಲೇ ಮಗನಷ್ಟೇ ಹಕ್ಕಿನ ವಾರಸುದಾರಳು. ಹಂಚಿಕೆದಾರರ ತಾಯಿಯ ಪಾಲನ್ನಂತೂ ಎಷ್ಟೋ ವಂಶವೃಕ್ಷಗಳಲ್ಲಿ ಬರೆಯುವುದೇ ಇಲ್ಲ. ಮಗನ ನಂತರವೂ ತಾಯಿ ಬದುಕಿದ್ದರೆ ಆಕೆಗೆ ಪಾಲು ಬಂದಿರುತ್ತದೆ, ಆಕೆ ತೀರಿಕೊಂಡ ಮೇಲೆ ಆ ಪಾಲು ಆಕೆಯ ಇತರ ಮಕ್ಕಳಿಗೂ ಹೋಗಿರುತ್ತದೆ. ಆದ್ದರಿಂದ ಯಾರು ಯಾವ ದಿನ ತೀರಿಕೊಂಡರು ಎಂಬ ಕ್ರಮ ಬಹಳ ಮುಖ್ಯ. ಮರಣ ಪ್ರಮಾಣಪತ್ರಗಳನ್ನು ದಿನಾಂಕದ ಸಾಲಿನಲ್ಲಿಟ್ಟು ನೋಡಬೇಕು.

ಮಗ ಒಬ್ಬರೇ ಮಾರುವುದಾದರೆ ಉಳಿದ ಎಲ್ಲ ವಾರಸುದಾರರೂ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು, ಇಲ್ಲವೇ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಇಪ್ಪತ್ತು ರೂಪಾಯಿ ಕಾಗದದ ಮೇಲಿನ ಒಪ್ಪಿಗೆ ಪತ್ರ ಸಾಲದು. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಸಿನ ಮಗುವಿದ್ದು, ಆ ಮಗುವಿಗೆ ಬಂದ ಪಾಲನ್ನು ಪೋಷಕರು ನ್ಯಾಯಾಲಯದ ಅನುಮತಿಯಿಲ್ಲದೆ ಮಾರಿದ್ದರೆ, ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಆ ಮಾರಾಟವನ್ನು ಪ್ರಶ್ನಿಸುವ ಹಕ್ಕು ಅವರಿಗಿರುತ್ತದೆ. ವಿಲ್ ಇದೆ ಎನ್ನುವುದಾದರೆ ಇಬ್ಬರು ಸಾಕ್ಷಿಗಳ ಸಹಿ ಇದೆಯೇ, ಇತರ ವಾರಸುದಾರರು ಅದನ್ನು ಒಪ್ಪಿದ್ದಾರೆಯೇ ಎಂದು ನೋಡಿ, ಸಾಧ್ಯವಾದರೆ ಅವರನ್ನೂ ಒಪ್ಪಿಗೆದಾರರಾಗಿ ಕ್ರಯಪತ್ರದಲ್ಲಿ ಸೇರಿಸಿಕೊಳ್ಳುವುದು ಕ್ಷೇಮ. ಹಿಂದೂ ಮಹಿಳೆಯ ಹೆಸರಿನಲ್ಲಿದ್ದ ಮನೆಗೆ ಮತ್ತು ಕ್ರೈಸ್ತ, ಮುಸ್ಲಿಂ ಕುಟುಂಬಗಳ ಮನೆಗೆ ಉತ್ತರಾಧಿಕಾರದ ನಿಯಮಗಳು ಬೇರೆ.

ಮಕ್ಕಳು ವಿದೇಶದಲ್ಲಿದ್ದು, ಇಲ್ಲಿ ಬೇರೆಯವರು ಸಹಿ ಹಾಕುವುದಾದರೆ?

ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಮಗಳು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳುಹಿಸಬಹುದು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾರುವ ಅಧಿಕಾರ ಮತ್ತು ಹಣ ಪಡೆಯುವ ಅಧಿಕಾರ ಎರಡೂ ಅದರಲ್ಲಿ ಸ್ಪಷ್ಟವಾಗಿರಲಿ. ಮಾರುವವರು ಅನಿವಾಸಿಗಳಾದರೆ ಕೊಳ್ಳುವವರು ಹಿಡಿದು ಕಟ್ಟಬೇಕಾದ ತೆರಿಗೆಯ ಲೆಕ್ಕವೇ ಬದಲಾಗುತ್ತದೆ: ನಿವಾಸಿಗಳಿಗೆ ಅನ್ವಯಿಸುವ 50 ಲಕ್ಷ ರೂಪಾಯಿಯ ಮಿತಿಯೂ ಶೇ. 1ರ ದರವೂ ಇಲ್ಲಿಲ್ಲ, ದರ ಬಹಳ ಹೆಚ್ಚು. ಹಿಡಿಯದೇ ಹೋದರೆ ಹೊಣೆ ಕೊಂಡವರ ಮೇಲೆ ಬರುವುದರಿಂದ ಲೆಕ್ಕಪರಿಶೋಧಕರನ್ನು ಕೇಳಿಯೇ ಹಣ ಕೊಡಬೇಕು.

ಹಳೆಯ ಕ್ರಯಪತ್ರಗಳಲ್ಲಿರುವ ಬೆಲೆಗಳನ್ನು ನೋಡಿ ಮನೆಯ ಬೆಲೆ ಹೇಗೆ ಏರಿತು ಎಂದು ಹೇಳಬಹುದೇ?

ಹೇಳುವುದು ಕಷ್ಟ. ಮುದ್ರಾಂಕ ಶುಲ್ಕವನ್ನು ಕ್ರಯದ ಮೊತ್ತ ಮತ್ತು ಸರ್ಕಾರದ ಮಾರ್ಗಸೂಚಿ ದರ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಶುಲ್ಕ ಉಳಿಸಲೆಂದು ಮಾರ್ಗಸೂಚಿ ದರದ ಆಸುಪಾಸಿನಲ್ಲೇ ಬೆಲೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ಕೆಟ್ಟ ಚಾಳಿ ಬಹುಕಾಲ ನಡೆದಿರುವುದರಿಂದ ಹಳೆಯ ಪತ್ರದಲ್ಲಿರುವ ಮೊತ್ತ ನಿಜವಾಗಿ ಕೈಬದಲಾದ ಮೊತ್ತಕ್ಕಿಂತ ಕಡಿಮೆ ಇರುವ ಸಂಭವವಿದೆ. ಮಂಡಳಿಯ ಶುದ್ಧ ಕ್ರಯಪತ್ರದಲ್ಲಿರುವುದು ಹಂಚಿಕೆಯ ಬೆಲೆ, ಆ ದಿನದ ಮಾರುಕಟ್ಟೆಯ ಬೆಲೆಯಲ್ಲ. ಅದು ನೋಂದಣಿಯಾದ ವರ್ಷವನ್ನು ನೋಡಿ ಆ ವರ್ಷ ಮನೆ ಅಷ್ಟು ಅಗ್ಗವಿತ್ತು ಎಂದುಕೊಳ್ಳಬಾರದು. ದಾನಪತ್ರ, ವಿಭಾಗ ಪತ್ರಗಳಲ್ಲಿ ಕಾಣುವ ಮೊತ್ತ ಶುಲ್ಕಕ್ಕಾಗಿ ನಮೂದಿಸಿದ್ದಷ್ಟೇ.

ನೀವು ಕೊಳ್ಳುವಾಗ ಪೂರ್ಣ ಮೊತ್ತವನ್ನೇ ಬರೆಸಿ, ಬ್ಯಾಂಕಿನ ಮೂಲಕವೇ ಕೊಡಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದ ನಿಷೇಧಿಸಿದೆ.

ಹಾಗಾದರೆ ಇಂದಿನ ಬೆಲೆಯನ್ನು ಅಂದಾಜು ಮಾಡುವುದು ಹೇಗೆ?

ಮಾರ್ಗಸೂಚಿ ದರವನ್ನು ಕನಿಷ್ಠ ಗೆರೆಯಾಗಿ ಇಟ್ಟುಕೊಳ್ಳಿ. ರಾಜ್ಯದಲ್ಲಿ ಅದು 2023ರ ಅಕ್ಟೋಬರ್ 1ರಿಂದ ವ್ಯಾಪಕವಾಗಿ ಪರಿಷ್ಕರಣೆಯಾಯಿತು. ಅದೇ ಅಡ್ಡರಸ್ತೆಯಲ್ಲಿ ಕಳೆದ ಒಂದೆರಡು ವರ್ಷಗಳಲ್ಲಿ ಬ್ಯಾಂಕ್ ಸಾಲದ ಮೇಲೆ ಮಾರಾಟವಾದ ಮನೆಗಳ ಬೆಲೆಯನ್ನು ಅಕ್ಕಪಕ್ಕದವರಿಂದ ತಿಳಿಯಿರಿ, ಏಕೆಂದರೆ ಸಾಲ ಪಡೆದವರ ಕ್ರಯಪತ್ರದಲ್ಲಿ ಬೆಲೆ ನಿಜಕ್ಕೆ ಹತ್ತಿರವಿರುತ್ತದೆ. ಹಳೆಯ ಒಂದಂತಸ್ತಿನ ಮನೆಯಲ್ಲಿ ನೀವು ಬೆಲೆ ಕೊಡುತ್ತಿರುವುದು ಬಹುಪಾಲು ಸೈಟಿಗೆ. ಚದರ ಅಡಿಯ ಲೆಕ್ಕವನ್ನು ನಿವೇಶನಕ್ಕೆ ಬೇರೆ, ಕಟ್ಟಡಕ್ಕೆ ಬೇರೆ ಮಾಡಬೇಕು.

ಖಾತೆ ಹೆಸರಿಗೆ ಆಗಿದೆ. ಅದೇ ಮಾಲೀಕತ್ವದ ದಾಖಲೆಯಲ್ಲವೇ?

ಅಲ್ಲ. ಖಾತೆ ಆಸ್ತಿ ತೆರಿಗೆ ಕಟ್ಟುವವರು ಯಾರು ಎಂಬುದರ ದಾಖಲೆ. ಆದರೂ ಅದಿಲ್ಲದೆ ಮುಂದಿನ ಕೆಲಸ ಸಾಗದು: 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಕ್ರಯಪತ್ರದ ನೋಂದಣಿಗೆ ಇ-ಖಾತಾ, ಅಂದರೆ ಗಣಕೀಕೃತ ಖಾತೆ ಬೇಕೇ ಬೇಕು. ಯಲಹಂಕ ಮೊದಲು ನಗರಸಭೆಯಾಗಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾಗಿ ವಿಂಗಡಣೆಯಾದಾಗ ಬೆಂಗಳೂರು ಉತ್ತರ ನಗರ ಪಾಲಿಕೆಯ ವ್ಯಾಪ್ತಿಗೆ ಬಂತು. ಪ್ರತಿ ಬದಲಾವಣೆಯಲ್ಲೂ ಹೆಸರಿನ ಅಕ್ಷರ, ಅಳತೆ, ಸಂಖ್ಯೆ ತಪ್ಪಾಗಿ ಇಳಿದಿರುವ ಸಾಧ್ಯತೆ ಇರುವುದರಿಂದ ಇ-ಖಾತಾದ ವಿವರವನ್ನು ಶುದ್ಧ ಕ್ರಯಪತ್ರದೊಂದಿಗೆ ಹೋಲಿಸಿ, ತಿದ್ದುಪಡಿ ಇದ್ದರೆ ಮಾರುವವರಿಂದಲೇ ಮಾಡಿಸಬೇಕು.

ಹಿಂದೆ ತೆಗೆದ ಗೃಹಸಾಲ ತೀರಿದೆ ಎಂದು ಹೇಗೆ ಗೊತ್ತಾಗುತ್ತದೆ?

ಇಸಿಯಲ್ಲಿ ಅಡಮಾನದ ನಮೂದಿದ್ದರೆ ಅದಕ್ಕೆ ಎದುರಾಗಿ ಅಡಮಾನ ಖುಲಾಸೆಯ ನಮೂದೂ ಇರಬೇಕು. ಬ್ಯಾಂಕಿನ ಬಾಕಿಯಿಲ್ಲದ ಪತ್ರ ಕೈಯಲ್ಲಿದ್ದರೂ ಖುಲಾಸೆ ನೋಂದಣಿಯಾಗಿಲ್ಲವೆಂದರೆ ನಿಮ್ಮ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಮೂಲ ಪತ್ರಗಳೇ ಕೈಗೆ ಸಿಗಬೇಕು. ಕಳೆದುಹೋಗಿವೆ ಎನ್ನುವುದಾದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ದೃಢೀಕೃತ ನಕಲು ಮೂರನ್ನೂ ಕೇಳಿ, ಅವು ಎಲ್ಲೂ ಒತ್ತೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ನೆರೆಹೊರೆಯ ಇತಿಹಾಸ ತಿಳಿಯುವುದರಿಂದ ಏನು ಪ್ರಯೋಜನ?

ಮನೆಯ ಬೆಲೆಯೂ ಅದರ ತೊಂದರೆಗಳೂ ಬಹುಮಟ್ಟಿಗೆ ಊರಿನ ಬೆಳವಣಿಗೆಯಿಂದ ಹುಟ್ಟುತ್ತವೆ. ಯಲಹಂಕ ಬೆಂಗಳೂರಿಗಿಂತ ಹಳೆಯ ಊರು. ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ಮನೆತನದವರು. ವಾಯುನೆಲೆ, 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆ, ಮದರ್ ಡೇರಿ ಇವುಗಳ ಸುತ್ತ ನೌಕರರ ವಸತಿ ಬೆಳೆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಸ್ವರೂಪವೇ ಬದಲಾಗಿ, ನಗರದ ಅಂಚಿನಲ್ಲಿದ್ದ ಉಪನಗರ ನಗರಕ್ಕೂ ನಿಲ್ದಾಣಕ್ಕೂ ನಡುವಿನ ಊರಾಯಿತು. ನಿವೃತ್ತರು ಗಿಡ ಬೆಳೆಸಿಕೊಂಡಿದ್ದ ಎಂಐಜಿ ಮನೆಗಳನ್ನು ಕೆಡವಿ ಮೂರು ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟುವುದು ಹೆಚ್ಚಿತು. ಹೀಗೆ ಕಟ್ಟಿದ ಮನೆಯಾದರೆ ಮಂಜೂರಾದ ನಕ್ಷೆಯನ್ನು ಕೇಳಿ, ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ ಎಂದು ಟೇಪು ಹಿಡಿದು ಅಳೆಯಿರಿ.

ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿನ ರಸ್ತೆ, ಪುಟ್ಟೇನಹಳ್ಳಿ ಕೆರೆ, ನಗರದ ಕಡೆಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಮತ್ತು ಜಾರಕಬಂಡೆ ಕಾವಲಿನ ಮರಗಳು ಈ ಪ್ರದೇಶದ ನಿಜವಾದ ಸೊತ್ತು. ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಕೊಳ್ಳುವ ಮೊದಲು ಒಂದು ಬೆಳಗ್ಗೆ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು.

ಮಳೆಗಾಲದಲ್ಲಿ ನೀರು ನುಗ್ಗುತ್ತದೆಯೇ?

ಎಲ್ಲ ಕಡೆಯೂ ಇಲ್ಲ, ಆದರೆ ಇದನ್ನು ಬೀದಿ ಬೀದಿಯಾಗಿ ವಿಚಾರಿಸಲೇಬೇಕು. 2021ರ ನವೆಂಬರ್‌ನಲ್ಲಿ ಮತ್ತು 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಗಿ ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಇಲ್ಲಿನ ಕೆರೆಗಳು ರಾಜಕಾಲುವೆಗಳ ಮೂಲಕ ಒಂದಕ್ಕೊಂದು ಕೂಡಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ, ಆ ದಾರಿ ಕಿರಿದಾಗಿದ್ದರೆ ಮನೆಗಳೊಳಗೆ ಹರಿಯುತ್ತದೆ. ಸರ್ವೆ ನಕ್ಷೆಯನ್ನು ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ನಿವೇಶನದ ಜಾಗಕ್ಕೆ ಹೋಗಿ ಕೆರೆ, ಹಳ್ಳಗಳ ಗೆರೆ ಎಲ್ಲಿದೆ ನೋಡಿ. ‘ಪರಿಷ್ಕೃತ ಮಹಾಯೋಜನೆ 2015’ರಂತೆ ರಾಜಕಾಲುವೆಯ ಮಧ್ಯಭಾಗದಿಂದ ಅದರ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಅಂತರ ಬಿಡಬೇಕಿತ್ತು. ಕಾಗದಕ್ಕಿಂತ ಹೆಚ್ಚು ನಂಬಬಹುದಾದ ಸಾಕ್ಷಿ ಎದುರು ಮನೆಯ ಹಿರಿಯರದು: ಆ ರಾತ್ರಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದರೆ ಕಾಂಪೌಂಡಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಕುಡಿಯುವ ನೀರು?

ಕಾವೇರಿ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ದಿನ ಬಿಡುತ್ತಾರೆ, ಬೋರ್‌ವೆಲ್ ಎಷ್ಟು ಅಡಿ ಆಳ, 2024ರ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ದರೇ ಎಂದು ಕೇಳಿ. ಮಾರುವವರಿಂದ ಜಲಮಂಡಳಿಯ ಹಿಂದಿನ ಬಿಲ್ಲುಗಳನ್ನು ಪಡೆದರೆ ಬಹುಪಾಲು ಉತ್ತರ ಅದರಲ್ಲೇ ಸಿಗುತ್ತದೆ.

ಮೆಟ್ರೊ ಬಂದರೆ ಬೆಲೆ ಏರುತ್ತದೆ ಎನ್ನುತ್ತಾರೆ. ಈಗಲೇ ಅದಕ್ಕಾಗಿ ಹೆಚ್ಚು ಕೊಡಬೇಕೇ?

ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ ಹೆಬ್ಬಾಳದ ನಂತರ ಬಳ್ಳಾರಿ ರಸ್ತೆಯ ಉದ್ದಕ್ಕೂ ಸಾಗುತ್ತದೆ, ಉಪನಗರದ ಒಳಗೆ ಬರುವುದಿಲ್ಲ. ಆದ್ದರಿಂದ ಮನೆಯಿಂದ ಯಲಹಂಕ ಮೆಟ್ರೊ ನಿಲ್ದಾಣದ ಜಾಗಕ್ಕೆ ಕಾಲ್ನಡಿಗೆಯ ಅಥವಾ ಬಸ್ಸಿನ ದಾರಿ ಹೇಗಿದೆ ಎಂದು ನೋಡಿಯೇ ಈ ಮಾತನ್ನು ತೂಗಬೇಕು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ದೇವನಹಳ್ಳಿ ಮತ್ತು ರಾಜಾನುಕುಂಟೆಯ ಕಡೆಗಿನ ಎರಡು ಮಾರ್ಗಗಳು ಯಲಹಂಕವನ್ನು ಹಾದುಹೋಗಬೇಕಿವೆ. ಇದು ಉಪನಗರದವರಿಗೆ ಮೆಟ್ರೊಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು. ಆದರೂ ಇನ್ನೂ ಓಡದ ರೈಲಿಗೆ ಇಂದೇ ಬೆಲೆ ಕಟ್ಟುವುದು ಜಾಣತನವಲ್ಲ.

ವಾಯುನೆಲೆ ಹತ್ತಿರವಿರುವುದರಿಂದ ತೊಂದರೆಯೇ?

ತರಬೇತಿ ವಿಮಾನಗಳ ಸದ್ದು ಕೇಳುತ್ತದೆ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ ಪ್ರದರ್ಶನದ ಸಮಯದಲ್ಲಿ ಸದ್ದೂ ಸಂಚಾರ ದಟ್ಟಣೆಯೂ ವಿಪರೀತವಾಗುತ್ತವೆ. ಹದ್ದುಗಳು ಬಾರದಿರಲೆಂದು ಸುತ್ತಲಿನ ಮಾಂಸದಂಗಡಿಗಳನ್ನು ಆ ದಿನಗಳಲ್ಲಿ ಮುಚ್ಚಿಸುತ್ತಾರೆ. ಮುಂದೆ ಅಂತಸ್ತು ಏರಿಸುವ ಯೋಚನೆಯಿದ್ದರೆ ವಾಯುನೆಲೆಯ ಸುತ್ತಲಿನ ಎತ್ತರದ ಮಿತಿ ಆ ಜಾಗಕ್ಕೆ ಎಷ್ಟು ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಒಟ್ಟು ಖರ್ಚಿನಲ್ಲಿ ನೋಂದಣಿಗೆ ಎಷ್ಟು ಹಿಡಿಯಬೇಕು?

ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ಸುಮಾರು ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಹೀಗಾಗಿ ಒಂದು ಕೋಟಿ ರೂಪಾಯಿಯ ಮನೆಗೆ ಏಳು ಲಕ್ಷದ ಅರವತ್ತು ಸಾವಿರದಷ್ಟು ಬೇಕಾಗುತ್ತದೆ. ಮಾರುವವರು ಭಾರತದ ನಿವಾಸಿಗಳಾಗಿದ್ದು ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ. 1ರಷ್ಟನ್ನು ಅವರ ಹಣದಿಂದ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ನೋಂದಣಿಯ ನಂತರ ಖಾತೆ ವರ್ಗಾವಣೆ, ವಿದ್ಯುತ್ ಮತ್ತು ನೀರಿನ ಸಂಪರ್ಕದ ಹೆಸರು ಬದಲಾವಣೆ ಉಳಿಯುತ್ತವೆ. ಮಾರುವವರ ಹಳೆಯ ಬಾಕಿಯೇನಾದರೂ ಇದ್ದರೆ ಕೊನೆಯ ಕಂತಿನಲ್ಲಿ ಕಳೆದುಕೊಂಡು ಕೊಡಬಹುದು ಎಂದು ಕರಾರು ಪತ್ರದಲ್ಲೇ ಬರೆಸಿರಬೇಕು.